ಇನ್ನೂರ ಹದಿನಾಲ್ಕು

ಬೆಳಗ್ಗೆ ಎಂಟೂ ಕಾಲಿಗೆ ಫೋನ್ ಕೈಗೆತ್ತಿಕೊಂಡಾಗ ಏಳು ಮಿಸ್ಡ್ ಕಾಲ್ ಇದ್ದವು. ಏಳೂ ಒಂದೇ ನಂಬರಿನಿಂದ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೈರಿ ಸೆಕ್ರೆಟ್ರಿಯವರದು. ಮೊದಲನೆಯದು ಆರೂ ಹತ್ತಕ್ಕೆ ಬಂದಿತ್ತು, ಕೊನೆಯದು ಆರೂ ಐವತ್ತಕ್ಕೆ. ಅದು ಹಾಲು ಹಾಕಿಸಿಕೊಳ್ಳುವ ಹೊತ್ತು. ಆ ಹೊತ್ತಲ್ಲಿ ಡೈರಿಯವರಿಗೆ ತಲೆ ಕೆರೆದುಕೊಳ್ಳುವುದಕ್ಕೂ ಪುರುಸೊತ್ತಿರುವುದಿಲ್ಲ. ಅಂಥದ್ದರಲ್ಲಿ ಏಳು ಸಲ ಫೋನ್ ಮಾಡಿದ್ದಾರೆ ಅಂದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಹಿಂದಿನ ರಾತ್ರಿ ಫೋನನ್ನು ಸೈಲೆಂಟಿಗೆ ಹಾಕಿ ಮಲಗಿದವಳು ನಾನು.

ಮೈಸೂರಿನ ವಿಜಯನಗರದಲ್ಲಿ ನಾವು ಮೂವರು ಸೇರಿ ಒಂದು ಸಣ್ಣ ಆಫೀಸು ನಡೆಸುತ್ತೇವೆ. ಅಂಗಡಿ, ಅಕ್ಕಿ ಮಿಲ್ಲು, ಸಹಕಾರ ಸಂಘ, ಹೀಗೆ ದೊಡ್ಡ ಕಂಪನಿಗಳು ಕಣ್ಣೆತ್ತಿ ನೋಡದವರಿಗೆ ಸಾಫ್ಟ್‌ವೇರ್ ಬರೆದುಕೊಡುವ ಕೆಲಸ. ಆ ಡೈರಿಯ ಪ್ರೋಗ್ರಾಂ ಬರೆದವಳು ನಾನೇ. ನಾನು ಹುಟ್ಟಿದ ಊರು ಅಲ್ಲಿಂದ ಎರಡು ಮೈಲಿ. ನಮ್ಮವ್ವ ಇವತ್ತಿಗೂ ಪಕ್ಕದೂರಿನ ಡೈರಿಗೆ ಹಾಲು ಹಾಕುತ್ತಾಳೆ. ನನ್ನ ಇಂಜಿನಿಯರಿಂಗ್ ಫೀಸಿನ ಬಹುಪಾಲು ಬಂದದ್ದು ಹದಿನೈದು ದಿನಕ್ಕೊಮ್ಮೆ ಆಗುತ್ತಿದ್ದ ಹಾಲಿನ ಬಟವಾಡೆಯಿಂದ. ಹಾಗಾಗಿ ಆ ಕೆಲಸ ಒಪ್ಪಿಕೊಂಡಾಗ ದುಡ್ಡಿನ ಮಾತು ಹೆಚ್ಚು ಆಡಿರಲಿಲ್ಲ.

ವಾಪಸ್ ಫೋನ್ ಮಾಡಿದೆ.

‘ಮೇಡಂ, ಹನ್ನೊಂದು ಜನ ಸದಸ್ಯರೇ ಅಲ್ಲ ಅಂತ ತೋರಿಸ್ತು. ಹತ್ತು ಜನದ್ದು ನೋಟ್‌ಬುಕ್ಕಲ್ಲಿ ಬರ್ಕೊಂಡ್ವಿ. ಆದ್ರೆ ಇನ್ನೂರ ಹದಿನಾಲ್ಕು ವಾಪಸ್ ಹೋಗ್ಬುಟ್ರು.’

‘ವಾಪಸ್ ಹೋದ್ರು ಅಂದ್ರೆ?’

‘ಹಾಲು ವಾಪಸ್ ತಗೊಂಡೋದ್ರು ಮೇಡಂ. ಅಜ್ಜಿ. ಅವರೇ ಮೊದಲನೇರು ಲೈನಲ್ಲಿ. ನಾನಿನ್ನೂ ಬಂದಿರಲಿಲ್ಲ. ನಮ್ಮುಡುಗ ಸ್ಕ್ರೀನ್ ನೋಡಿ, ನಿಮ್ಮೆಸರಿಲ್ಲ ಅಜ್ಜಿ ಅಂದವ್ನೆ.’

ಹಾಲಿನ ಸಂಗತಿ ಗೊತ್ತಿಲ್ಲದವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಬ್ಯಾಂಕಿನಲ್ಲಿ ಸರ್ವರ್ ಡೌನ್ ಅಂದರೆ ನಾಳೆ ಹೋದರಾಯಿತು. ಕರೆದ ಹಾಲು ನಾಳೆಯವರೆಗೆ ಕಾಯುವುದಿಲ್ಲ. ಎರಡು ಮೂರು ತಾಸಿನೊಳಗೆ ಅದು ತಣ್ಣಗಾಗಬೇಕು, ಇಲ್ಲವೇ ಕುದಿಯಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಸಗಣಿ ಬಾಚಿ, ಕೆಚ್ಚಲು ತೊಳೆದು ಕರೆದ ಮೂರೂವರೆ ಲೀಟರನ್ನು ಎಪ್ಪತ್ತು ದಾಟಿದ ಹೆಂಗಸೊಬ್ಬರು ಸೊಂಟದ ಮೇಲಿಟ್ಟುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಿದ್ದರು. ನಾನು ಬರೆದ ಒಂದು ಸಾಲಿನಿಂದ.

ಆ ಸಾಲು ಕೇಳುವುದು ಇಷ್ಟೇ: ಈ ಗುಂಪಿನಲ್ಲಿ ಈ ಸದಸ್ಯರು ಇದ್ದಾರೆಯೇ? ಪ್ರೋಗ್ರಾಂ ಬರೆಯಲು ನಾನು ಬಳಸಿದ ಜಾವಾ ಭಾಷೆಯಲ್ಲಿ ಅದಕ್ಕೆ ಕಂಟೇನ್ಸ್ ಅನ್ನುತ್ತಾರೆ. 1998ರಲ್ಲಿ ಜಾವಾ 1.2 ಬಂದಾಗ ಪಟ್ಟಿ, ಗಣ, ಕೋಶ ಎಲ್ಲಕ್ಕೂ ಒಂದು ಒಪ್ಪವಾದ ಚೌಕಟ್ಟು ಬಂತು. ಅವತ್ತಿನಿಂದ ಅದರಲ್ಲಿರುವ ಪ್ರಶ್ನೆ ಅದು. ಇದ್ದರೆ ಟ್ರೂ, ಇಲ್ಲದಿದ್ದರೆ ಫಾಲ್ಸ್. ಕಾಲೇಜಿನಲ್ಲಿ ಇದನ್ನು ಅರ್ಧ ತರಗತಿಯಲ್ಲಿ ಮುಗಿಸುತ್ತಾರೆ. ನನಗೂ ಹಾಗೇ ಮುಗಿಸಿದ್ದರು.

‘ಕಂಪ್ಯೂಟರ್ ಆರಿಸಬೇಡಿ ಅಣ್ಣ. ಹೇಗಿದೆಯೋ ಹಾಗೇ ಬಿಡಿ. ಸಂಜೆ ಹಾಲು ಶುರುವಾಗೋದರೊಳಗೆ ಬರ್ತೀನಿ’ ಅಂದೆ.

ಆರಿಸಬೇಡಿ ಅಂದದ್ದಕ್ಕೆ ಕಾರಣವಿತ್ತು. ಅದನ್ನು ಹೇಳುವುದಕ್ಕೆ ಈಗಲೂ ಕಷ್ಟವಾಗುತ್ತದೆ. ಇದೇ ತೊಂದರೆ ಹಿಂದೆ ಎರಡು ಸಲ ಬಂದಿತ್ತು. ಎರಡು ಸಲವೂ ಸೆಕ್ರೆಟ್ರಿ ಫೋನ್ ಮಾಡಿ ಒಬ್ಬ ಸದಸ್ಯರು ಇಲ್ಲ ಅಂತ ಬರ್ತಿದೆ ಅಂದಿದ್ದರು. ಎರಡು ಸಲವೂ ನಾನು ‘ಒಂದ್ಸಲ ಆರಿಸಿ ಹಾಕಿ ಅಣ್ಣ’ ಅಂದಿದ್ದೆ. ಆರಿಸಿ ಹಾಕಿದ ಮೇಲೆ ಸರಿಯಾಗಿತ್ತು. ಯಾಕೆ ಸರಿಯಾಯಿತು ಅಂತ ನಾನು ಕೇಳಿಕೊಳ್ಳಲಿಲ್ಲ. ಸರಿಹೋದದ್ದನ್ನು ಕೆದಕುವುದಕ್ಕೆ ಹೋಗದೆ ಮುಂದಿನ ಕೆಲಸ ಹಿಡಿದಿದ್ದೆ. ಆ ಎರಡು ದಿನಗಳಲ್ಲಿ ಒಂದು ದಿನವಾದರೂ ಕೂತು ನೋಡಿದ್ದರೆ ಅಜ್ಜಿಯ ಹಾಲು ವಾಪಸ್ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸ್ಕೂಟರ್ ಹತ್ತಿದೆ. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ತಿರುಗಿದ ಮೇಲೆ ರಸ್ತೆಯ ಎರಡೂ ಬದಿ ಕಬ್ಬು. ಎಲ್ಲೋ ಆಲೆಮನೆಯಲ್ಲಿ ಪಾಕ ಹದಕ್ಕೆ ಬಂದಿದ್ದ ವಾಸನೆ. ವಿ.ಸಿ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಬೇರೆ ದಿನವಾದರೆ ನಾಲೆ ಏರಿಯ ಮೇಲೆ ಐದು ನಿಮಿಷ ನಿಲ್ಲುತ್ತಿದ್ದೆ.

ಡೈರಿ ಅಂದರೆ ಒಂದು ಕೋಣೆ. ಒಂದು ಕಡೆ ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ, ಪಕ್ಕದಲ್ಲಿ ಕಂಪ್ಯೂಟರು ಮತ್ತು ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರು. ಇನ್ನೊಂದು ಗೋಡೆಗೆ ಮರದ ಗೂಡುಗಳು. ನಮ್ಮ ಕಡೆ ಹಳೆಯ ಪೋಸ್ಟಾಫೀಸುಗಳಲ್ಲಿ ಇರುತ್ತಿದ್ದವಲ್ಲ, ಅಂಥವು. ಒಂದೊಂದು ಗೂಡಿಗೂ ಒಂದೊಂದು ಅಕ್ಷರದ ಚೀಟಿ ಅಂಟಿಸಿದ್ದರು, ಸದಸ್ಯರ ಪಾಸ್‌ಬುಕ್ ಇಡುವುದಕ್ಕೆ. ನಂಬರ್ ನೆನಪಿಡದ ವಯಸ್ಸಾದವರು ಬಂದು ಹೆಸರು ಹೇಳಿದರೆ ಸೆಕ್ರೆಟ್ರಿ ಆ ಅಕ್ಷರದ ಗೂಡಿಗೆ ಕೈ ಹಾಕುತ್ತಾರೆ. ಎಷ್ಟೋ ಸಲ ಹೋಗಿದ್ದೆ, ಆ ಗೂಡುಗಳನ್ನು ಅವತ್ತಿನವರೆಗೆ ಗಮನವಿಟ್ಟು ನೋಡಿರಲಿಲ್ಲ.

ಕಂಪ್ಯೂಟರಿನ ಮುಂದೆ ಕೂತು 213 ಒತ್ತಿದೆ. ಹೆಸರು ಬಂತು, ಹಸಿರು ಗುರುತು ಬಂತು. 215, ಅದೂ ಸರಿ. 214 ಒತ್ತಿದೆ. ಅಜ್ಜಿಯ ಹೆಸರು ಬಂತು, ಗಂಡನ ಹೆಸರು ಬಂತು, ಬ್ಯಾಂಕ್ ಖಾತೆಯ ಕೊನೆಯ ನಾಲ್ಕಂಕಿ ಬಂತು. ಅದರ ಕೆಳಗೇ ಕೆಂಪಕ್ಷರದಲ್ಲಿ: ‘ಚಾಲ್ತಿ ಸದಸ್ಯರಲ್ಲ’.

ಚಾಲ್ತಿ ಸದಸ್ಯರ ಪಟ್ಟಿ ತೆರೆದೆ. ಮೇಲಿಂದ ಕೆಳಗೆ ಇಳಿಸುತ್ತಾ ಹೋದೆ. 214, ಅಜ್ಜಿಯ ಹೆಸರು ಅಲ್ಲೇ ಇತ್ತು! ಯಾವ ಗುಂಪಿನಲ್ಲಿ ಇಲ್ಲ ಅಂತ ಪ್ರೋಗ್ರಾಂ ಹೇಳುತ್ತಿತ್ತೋ ಅದೇ ಗುಂಪನ್ನು ಬಿಡಿಸಿ ತೋರಿಸು ಅಂದರೆ ಅದರಲ್ಲಿ ಅವರನ್ನೂ ತೋರಿಸುತ್ತಿತ್ತು. ಇನ್ನೂ ಒಂದು ವಿಚಿತ್ರ ಕಂಡಿತು. ಸಂಘದಲ್ಲಿ 340 ಸದಸ್ಯರು. ಪಟ್ಟಿಯ ಕೆಳಗೆ 341 ಅಂತಿತ್ತು. 96ನೇ ನಂಬರು ಎರಡು ಸಲ ಇತ್ತು. ಹುಡುಗನನ್ನು ಕೇಳಿದೆ.

‘ಬೆಳಗ್ಗೆ ಅವರಿಗೂ ಇಲ್ಲ ಅಂತು ಅಕ್ಕ. ಸೇರಿಸು ಅನ್ನೋ ಬಟನ್ ಒತ್ತಿದೆ. ತಗೊಂಡ್ತು. ಅಷ್ಟರಲ್ಲಿ ಸೆಕ್ರೆಟ್ರಿ ಬಂದು, ಲೆಕ್ಕ ತಪ್ಪೋಯ್ತದೆ ಮುಟ್ಬೇಡ ಅಂದ್ರು.’

ನಾನು ಬಳಸಿದ್ದು ಹ್ಯಾಶ್‌ಸೆಟ್, ಜಾವಾದ ಒಂದು ಬಗೆಯ ಗಣ (ಸೆಟ್). ಒಂದು ವಸ್ತು ಎರಡು ಸಲ ಇರಲು ಬಿಡುವುದಿಲ್ಲ ಅನ್ನುವುದೇ ಅದರ ಮೊದಲ ಗುಣ. ಅದರಲ್ಲಿ ಒಬ್ಬರೇ ಮನುಷ್ಯರು ಎರಡು ಸಲ ಇದ್ದರು. ಇದ್ದವರನ್ನು ಇಲ್ಲ ಅನ್ನುತ್ತಿತ್ತು, ಒಬ್ಬರನ್ನು ಇಬ್ಬರು ಅನ್ನುತ್ತಿತ್ತು. ಕೈ ಬೆವರಿತು.

‘ಅಣ್ಣ, ಆ ಹನ್ನೊಂದು ಜನದ್ದು ನೆನ್ನೆ ಏನಾದರೂ ಬದಲಾಯಿಸಿದ್ರಾ?’

‘ಹೂಂ ಮೇಡಂ. ರಾತ್ರಿ ಹಾಲು ಹೋದ್ಮೇಲೆ ಕೂತ್ಕೊಂಡು ಹೆಸರು ತಿದ್ದಿದೆ. ಆಧಾರಲ್ಲಿ ಒಂದು ಥರ, ನಮ್ಮಲ್ಲಿ ಒಂದು ಥರ ಇತ್ತು. ದುಡ್ಡು ಖಾತೆಗೆ ಹೋಗೋದಲ್ವಾ, ಹೆಸರು ಸರಿ ಇರ್ಲಿ ಅಂತ.’

‘ಕಂಪ್ಯೂಟರ್ ಆರಿಸಿದ್ರಾ ಆಮೇಲೆ?’

‘ಇಲ್ಲ. ಬೆಳಗ್ಗೆ ಅದು ಶುರುವಾಗೋದ್ರಲ್ಲಿ ಹೊತ್ತಾಯ್ತದೆ. ಯುಪಿಎಸ್ ಐತಲ್ಲ, ಹಂಗೇ ಬುಡ್ತೀವಿ.’

ಅಜ್ಜಿಯ ಹೆಸರಿನಲ್ಲಿ ಏನು ತಿದ್ದಿದಿರಿ ಅಂತ ಕೇಳಿದೆ. ಮೊದಲ ಅಕ್ಷರ. ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಯಾವುದೋ ಕಾಲದಲ್ಲಿ ಸದಸ್ಯತ್ವದ ಅರ್ಜಿ ಬರೆದವರು ಕೇಳಿಸಿಕೊಂಡಂತೆ ‘ಒ’ ಅಂತ ಬರೆದಿದ್ದರು. ಆಧಾರಿನಲ್ಲಿ ‘ಹೊ’ ಇತ್ತು. ಸೆಕ್ರೆಟ್ರಿ ಅದನ್ನು ‘ಹೊ’ ಮಾಡಿದ್ದರು. ಹನ್ನೊಂದರಲ್ಲಿ ಏಳು ಇದೇ ಹಕಾರದ ತಿದ್ದುಪಡಿಗಳು.

ನಾನು ಅಜ್ಜಿಯ ವಿವರ ತೆರೆದು ‘ಹೊ’ ಅಳಿಸಿ ಮತ್ತೆ ‘ಒ’ ಹಾಕಿದೆ. 214 ಒತ್ತಿದೆ. ಹಸಿರು. ಮತ್ತೆ ‘ಹೊ’ ಮಾಡಿದೆ. ಕೆಂಪು. ತಪ್ಪು ಹೆಸರಿಟ್ಟರೆ ಅಜ್ಜಿ ಇದ್ದಾರೆ, ಸರಿ ಹೆಸರಿಟ್ಟರೆ ಇಲ್ಲ.

ಸೆಕ್ರೆಟ್ರಿ ಅಷ್ಟರಲ್ಲಿ ಅಜ್ಜಿಯ ಪಾಸ್‌ಬುಕ್ ತೋರಿಸುತ್ತೇನೆಂದು ಗೂಡಿನ ಹತ್ತಿರ ಹೋಗಿದ್ದರು. ‘ಹ’ ಅಂತ ಬರೆದ ಗೂಡಿಗೆ ಕೈ ಹಾಕಿ ಇದ್ದಬದ್ದ ಪುಸ್ತಕವೆಲ್ಲ ತೆಗೆದು ನೋಡಿದರು. ಇಲ್ಲ. ಇನ್ನೊಂದು ಸಲ ನೋಡಿದರು. ಇಲ್ಲ. ಆಮೇಲೆ ನೆನಪಾಗಿ ಕೆಳಸಾಲಿನ ‘ಒ’ ಗೂಡಿನಿಂದ ಅದನ್ನು ಎಳೆದರು. ರಟ್ಟಿನ ಮೇಲೆ ನೀಲಿ ಪೆನ್ನಿನಲ್ಲಿ ‘ಹೊ’ ಅಂತಲೇ ತಿದ್ದಿತ್ತು. ‘ಹೆಸರು ತಿದ್ದಿ, ಇದ್ದ ಗೂಡಿಗೇ ಇಟ್ಬುಟ್ಟಿವ್ನಿ ನೋಡಿ’ ಅಂದರು.

ಪೂರ್ತಿ ಸಂಗತಿ ಆ ಪುಸ್ತಕದಲ್ಲಿತ್ತು.

ಹ್ಯಾಶ್‌ಸೆಟ್ ಅಂದರೆ ಆ ಗೋಡೆಯೇ. ಒಳಗೆ 16 ಗೂಡುಗಳಿಂದ ಶುರುವಾಗುತ್ತದೆ. ಗೂಡುಗಳ ಲೆಕ್ಕದ ಮುಕ್ಕಾಲಕ್ಕಿಂತ ಹೆಚ್ಚು ವಸ್ತು ಸೇರಿದಾಗ ಗೂಡು ಇಮ್ಮಡಿಯಾಗುತ್ತದೆ. ನಮ್ಮ 340 ಜನಕ್ಕೆ ಅದು 512 ಗೂಡು ಮಾಡಿಕೊಂಡಿತ್ತು. ಒಬ್ಬ ಸದಸ್ಯರನ್ನು ಸೇರಿಸುವಾಗ ಅವರ ವಿವರದಿಂದ ಒಂದು ಸಂಖ್ಯೆ ಲೆಕ್ಕ ಹಾಕುತ್ತದೆ. ಅದಕ್ಕೆ ಹ್ಯಾಶ್‌ಕೋಡ್ ಅನ್ನುತ್ತಾರೆ. ಆ ಸಂಖ್ಯೆಯೇ ಯಾವ ಗೂಡು ಅನ್ನುವುದನ್ನು ಹೇಳುತ್ತದೆ. ಇದ್ದಾರೆಯೇ ಅಂತ ಕೇಳಿದಾಗ ಮತ್ತೆ ಅದೇ ಲೆಕ್ಕ ಹಾಕಿ, ಅದೇ ಗೂಡಿಗೆ ನೇರವಾಗಿ ಕೈ ಹಾಕುತ್ತದೆ. ಬೇರೆ ಗೂಡುಗಳನ್ನು ನೋಡುವುದೇ ಇಲ್ಲ. ಅದಕ್ಕೇ ಅದು ಅಷ್ಟು ಬೇಗ ಉತ್ತರ ಕೊಡುವುದು. ಹೆಸರು ‘ಒ’ ಇದ್ದಾಗ ಒಂದು ಗೂಡಿನಲ್ಲಿ ಇಟ್ಟಿತ್ತು. ಹೆಸರು ‘ಹೊ’ ಆದ ಮೇಲೆ ಲೆಕ್ಕ ಬೇರೆ ಬಂತು, ಬೇರೆ ಗೂಡಿಗೆ ಕೈ ಹಾಕಿತು, ಇಲ್ಲ ಅಂತು. ಅದೃಷ್ಟಕ್ಕೆ ಅದೇ ಗೂಡು ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ, ಯಾಕೆಂದರೆ ಇಡುವಾಗಿನ ಹಳೆಯ ಸಂಖ್ಯೆಯನ್ನೂ ಅದು ಪಕ್ಕದಲ್ಲೇ ಬರೆದಿಟ್ಟುಕೊಂಡಿರುತ್ತದೆ. ಮೊದಲು ಹೋಲಿಸುವುದು ಆ ಸಂಖ್ಯೆಗಳನ್ನು. ಪಟ್ಟಿ ತೋರಿಸು ಅಂದಾಗ ಮಾತ್ರ ಒಂದನೇ ಗೂಡಿನಿಂದ ಕೊನೆಯ ಗೂಡಿನವರೆಗೆ ಎಲ್ಲವನ್ನೂ ತೆಗೆದು ತೋರಿಸುತ್ತದೆ. ಹಾಗಾಗಿ ಅಲ್ಲಿ ಅಜ್ಜಿ ಕಾಣುತ್ತಿದ್ದರು. ಹುಡುಗ ‘ಸೇರಿಸು’ ಒತ್ತಿದಾಗ 96ನೇ ನಂಬರಿನವರನ್ನು ಹೊಸ ಗೂಡಿನಲ್ಲಿ ಇನ್ನೊಂದು ಸಲ ಇಟ್ಟಿತ್ತು. ಆರಿಸಿ ಹಾಕಿದರೆ ಡೇಟಾಬೇಸಿನಿಂದ ಎಲ್ಲರನ್ನೂ ಹೊಸ ಹೆಸರಿನೊಂದಿಗೆ ಓದಿ ಹೊಸದಾಗಿ ಗೂಡಿಗೆ ಹಾಕುತ್ತಿತ್ತು. ಆಗ ಎಲ್ಲ ಸರಿ. ಎರಡು ಸಲ ನನ್ನನ್ನು ಸುಮ್ಮನಾಗಿಸಿದ್ದು ಅದೇ.

ನಂಬರ್ ಒತ್ತಿದ ಕೂಡಲೇ ಅಜ್ಜಿಯ ವಿವರ ಬರುತ್ತಿದ್ದದ್ದಕ್ಕೂ ಕಾರಣ ಸಿಕ್ಕಿತು. ಆ ಹುಡುಕಾಟ ಬರೀ ನಂಬರಿನ ಮೇಲೆ ನಡೆಯುತ್ತಿತ್ತು, ನಂಬರ್ ಯಾರೂ ತಿದ್ದಿರಲಿಲ್ಲ.

ಐದೂವರೆಗೆ ಸಂಜೆಯ ಹಾಲು ಶುರು. ಅದಕ್ಕೆ ಮುಂಚೆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಹಾಕಿದೆ. ಹನ್ನೊಂದು ನಂಬರನ್ನೂ ಒಂದೊಂದಾಗಿ ಒತ್ತಿ ನೋಡಿದೆ. ಬೆಳಗಿನ ನೋಟ್‌ಬುಕ್ಕಿನ ಹತ್ತು ಜನದ ಲೀಟರು, ಫ್ಯಾಟು ಎಲ್ಲ ಸೆಕ್ರೆಟ್ರಿ ಓದಿದರು, ನಾನು ತುಂಬಿಸಿದೆ. ಸಂಜೆ ಹತ್ತೂ ಜನ ಬಂದರು. ಇನ್ನೂರ ಹದಿನಾಲ್ಕು ಬರಲಿಲ್ಲ. ಕ್ಯಾನುಗಳು ಗೆಜ್ಜಲಗೆರೆಯ ದೊಡ್ಡ ಡೈರಿ ಕಡೆಯ ಗಾಡಿ ಹತ್ತುವವರೆಗೂ ಬಾಗಿಲು ನೋಡುತ್ತಾ ಇದ್ದೆ.

ಸೆಕ್ರೆಟ್ರಿಯನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದೆ. ಊರಿನ ಕೊನೇ ಬೀದಿ. ಹೆಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಒಂದೇ ಒಂದು ಎಚ್‌ಎಫ್ ಹಸು. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸೆಕ್ರೆಟ್ರಿಯನ್ನು ನೋಡಿದರೂ ಕೂರಿ ಅನ್ನಲಿಲ್ಲ.

‘ಏನ್ ಬಂದ್ರಿ? ನನ್ನೆಸ್ರು ಕಿತ್ತಾಕಿದ್ ಮ್ಯಾಲೆ ನನ್ತಾವೇನು ಕೆಲ್ಸ?’

‘ಹೆಸರು ಕಿತ್ತಾಕಿಲ್ಲ ಅಜ್ಜಿ, ಕಂಪ್ಯೂಟರಿಂದು ತೊಂದ್ರೆ’ ಅಂದರು ಸೆಕ್ರೆಟ್ರಿ.

‘ಸುಮ್ಕಿರಪ್ಪ. ನಮ್ಮೆಜಮಾನ್ರು ಓದ್ಮೇಲೆ ಆ ನಂಬ್ರು ನಂದಾಯ್ತು. ಅವತ್ತಿಂದ ಒಂದಿನ ಬುಟ್ಟಿಲ್ಲ ಆಲು ಆಕೋದು. ಮಗನ ಮದ್ವೆ ದಿನಾನೂ ಆಕಿವ್ನಿ. ಆ ಉಡುಗ, ನಿಮ್ಮೆಸ್ರಿಲ್ಲ ಅಂದ. ಇಂದೆ ನಿಂತಿದ್ದೋರೆಲ್ಲ ನೋಡ್ತಾವ್ರೆ. ನಾನಿಲ್ಲೇ ನಿಂತಿವ್ನಿ, ಇಲ್ಲ ಅಂದ್ರೆ ಎಂಗ್ಲಾ ಅಂದೆ. ಕಂಪೂಟ್ರು ಅಂಗಂತದೆ ಅಂದ.’

ಹೋದ ಸಲ ಸಂಘದ ಚುನಾವಣೆಯಲ್ಲಿ ಅವರ ಮಗ ಒಬ್ಬರ ಪರ ಓಡಾಡಿದ್ದನಂತೆ, ಅವರು ಸೋತಿದ್ದರಂತೆ. ಅದಕ್ಕೆ ಹಗೆ ಸಾಧಿಸಿ ಹೆಸರು ತೆಗೆದರು ಅಂತ ಅಜ್ಜಿ ಬೆಳಗ್ಗೆಯಿಂದ ನಂಬಿಕೊಂಡು ಕೂತಿದ್ದರು. ಮಗನಿಗೂ ಹೇಳಿದ್ದರು. ಅವನು ಕೆಲಸ ಮುಗಿಸಿ ಬಂದು ಕೇಳುತ್ತೇನೆ ಅಂದಿದ್ದನಂತೆ. ನಾವು ಹೋಗುವುದು ಒಂದು ತಾಸು ತಡವಾಗಿದ್ದರೆ ಅಲ್ಲಿ ಏನು ನಡೆಯುತ್ತಿತ್ತೋ. ಹಳ್ಳಿಯಲ್ಲಿ ‘ಪಟ್ಟಿಯಲ್ಲಿ ಹೆಸರಿಲ್ಲ’ ಅನ್ನುವ ಮಾತಿಗೆ ಎಷ್ಟು ಭಾರವಿದೆ ಅನ್ನುವುದು ಅಲ್ಲಿಯೇ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ರೇಷನ್ನಿನ ಪಟ್ಟಿ, ಓಟಿನ ಪಟ್ಟಿ, ಮನೆ ಮಂಜೂರಾದವರ ಪಟ್ಟಿ, ಎಲ್ಲದರಲ್ಲೂ ಇದ್ದಾರೆ, ಇಲ್ಲ ಅನ್ನುವುದೇ ಜೀವನ.

ನಾನು ಅವರ ಪಕ್ಕ ಕೂತೆ. ‘ಅಜ್ಜಿ, ಆ ಕಂಪ್ಯೂಟರಿಗೆ ಬರೆದುಕೊಟ್ಟವಳು ನಾನು. ತಪ್ಪು ನಂದು. ನಿಮ್ಮ ಹೆಸರು ಯಾರೂ ಕಿತ್ತಿಲ್ಲ, ಅಲ್ಲೇ ಇತ್ತು. ನಾನು ಹುಡುಕೋದಕ್ಕೆ ಹೇಳಿಕೊಟ್ಟ ರೀತಿ ಸರಿ ಇರಲಿಲ್ಲ’ ಅಂದೆ. ಪಾಸ್‌ಬುಕ್ಕಿನ ಗೂಡಿನ ಕತೆಯನ್ನೂ ಹೇಳಿದೆ. ಒಬ್ಬರ ಹೆಸರು ತಿದ್ದಿ ಹಳೇ ಗೂಡಲ್ಲೇ ಇಟ್ಟರೆ ಹೊಸ ಗೂಡಲ್ಲಿ ಹುಡುಕಿದವರಿಗೆ ಸಿಗೋದಿಲ್ಲ ಅಲ್ಲವಾ ಅಂದೆ.

ಅಜ್ಜಿ ಸ್ವಲ್ಪ ಹೊತ್ತು ಕಾಯಿ ಬಿಡಿಸಿದರು. ‘ನಿಮ್ದ್ಯಾವೂರು?’ ಅಂದರು. ಹೇಳಿದೆ. ಯಾರ ಮನೆ ಅಂದರು. ಅದನ್ನೂ ಹೇಳಿದೆ. ‘ಓ, ಅವ್ರ ಮೊಮ್ಮಗ್ಳಾ. ಅಂಗಿದ್ರೆ ಸರಿ ಮಾಡ್ತೀಯ ಬುಡು’ ಅಂದು ಒಂದು ಹಿಡಿ ಕಾಳು ನನ್ನ ಮಡಿಲಿಗೆ ಹಾಕಿದರು. ಸಂಜೆಯ ಹಾಲನ್ನು ಬಸ್‌ಸ್ಟಾಪಿನ ಟೀ ಅಂಗಡಿಗೆ ಕೊಟ್ಟಿದ್ದರು. ಬೆಳಗಿನದಕ್ಕೆ ಹೆಪ್ಪು ಹಾಕಿದ್ದರು.

ರಾತ್ರಿ ಅವ್ವನ ಮನೆಯಲ್ಲೇ ಉಳಿದೆ. ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು ಎರಡು ವರ್ಷದ ಹಿಂದೆ ಬರೆದದ್ದನ್ನು ಓದಲು ಕೂತೆ.

ಮೂಲ ಎಲ್ಲಿತ್ತು ಅಂತ ಹೇಳಬೇಕು, ಈ ದಾರಿಯಲ್ಲಿ ನಡೆಯುವ ಹೊಸಬರು ತುಂಬಾ ಜನ ಇದ್ದಾರೆ. ಜಾವಾದಲ್ಲಿ ನಾವೇ ಒಂದು ಕ್ಲಾಸ್, ಅಂದರೆ ಒಂದು ಬಗೆಯ ವಸ್ತುಗಳಿಗೆ ಅಚ್ಚು, ಬರೆದು ಸುಮ್ಮನೆ ಬಿಟ್ಟರೆ, ಎರಡು ವಸ್ತು ಒಂದೇ ಅಂತ ಅದು ಒಪ್ಪುವುದು ಎರಡೂ ಮೆಮೊರಿಯಲ್ಲಿ ಒಂದೇ ಆಗಿದ್ದರೆ ಮಾತ್ರ. ಡೇಟಾಬೇಸಿನಿಂದ 214ನ್ನು ಎರಡು ಸಲ ಓದಿದರೆ ಅದರ ಕಣ್ಣಿಗೆ ಇಬ್ಬರು ಅಜ್ಜಿಯರು. ಮೊದಮೊದಲು ನನಗೆ ಯಾರನ್ನು ಕೇಳಿದರೂ ಇಲ್ಲ ಅಂತಲೇ ಬರುತ್ತಿತ್ತು. ಯಾವಾಗ ಇಬ್ಬರನ್ನು ಒಬ್ಬರೇ ಅಂತ ತಿಳಿಯಬೇಕು ಅನ್ನುವುದನ್ನು ಈಕ್ವಲ್ಸ್ ಅನ್ನುವ ವಿಧಾನದಲ್ಲಿ ನಾವೇ ಬರೆಯಬೇಕು. ಬರೆದರೆ ಹ್ಯಾಶ್‌ಕೋಡನ್ನೂ ಅದಕ್ಕೆ ಹೊಂದುವಂತೆ ಬರೆಯಬೇಕು. ಒಂದೇ ಅಂತ ಒಪ್ಪಿದ ಎರಡು ವಸ್ತುಗಳ ಹ್ಯಾಶ್‌ಕೋಡ್ ಒಂದೇ ಇರಬೇಕು ಅನ್ನುವುದು ಕಟ್ಟುನಿಟ್ಟಿನ ನಿಯಮ. ಇದನ್ನು ಬರೆದುಕೊಡುವ ಬಟನ್ ನಾವು ಬಳಸುವ ಎಡಿಟರುಗಳಲ್ಲೇ ಇರುತ್ತದೆ. ಒತ್ತಿದರೆ ಒಂದು ಕಿಟಕಿ ತೆರೆಯುತ್ತದೆ. ಸದಸ್ಯತ್ವ ಸಂಖ್ಯೆ, ಹೆಸರು, ಗಂಡ ಅಥವಾ ತಂದೆ ಹೆಸರು, ಫೋನ್, ಖಾತೆ ಸಂಖ್ಯೆ. ಪ್ರತಿಯೊಂದರ ಮುಂದೆ ಟಿಕ್ ಹಾಕುವ ಚೌಕ. ಯಾವುದನ್ನೆಲ್ಲ ನೋಡಿ ಒಂದೇ ಅಂತ ತೀರ್ಮಾನಿಸಲಿ ಅಂತ ಅದು ನನ್ನನ್ನು ಕೇಳಿತ್ತು. ನಾನು ಎಲ್ಲದರ ಟಿಕ್ಕನ್ನೂ ಹಾಗೇ ಉಳಿಸಿ ಮುಂದಕ್ಕೆ ಒತ್ತಿದ್ದೆ.

ಅಂದರೆ ನನ್ನ ಪ್ರೋಗ್ರಾಂ ಪ್ರಕಾರ ಅಜ್ಜಿ ಅಜ್ಜಿಯಾಗಿರಬೇಕಾದರೆ ಅವರ ಹೆಸರಿನ ಕಾಗುಣಿತ ಬದಲಾಗಬಾರದು, ಫೋನ್ ನಂಬರ್ ಬದಲಾಗಬಾರದು, ಬ್ಯಾಂಕ್ ಬದಲಾಗಬಾರದು. ಹಿಂದಿನ ಎರಡು ಸಲ ತೊಂದರೆ ಕೊಟ್ಟಿದ್ದು ಫೋನ್ ನಂಬರಿನ ತಿದ್ದುಪಡಿ ಅಂತ ಹಳೆಯ ದಾಖಲೆ ನೋಡಿದಾಗ ತಿಳಿಯಿತು.

ಜಾವಾದ ಅಧಿಕೃತ ಕೈಪಿಡಿಯಲ್ಲಿ ಸೆಟ್ ಬಗ್ಗೆ ಬರೆದಿರುವ ಪುಟ ತೆರೆದೆ. ಬದಲಾಗಬಹುದಾದ ವಸ್ತುಗಳನ್ನು ಸೆಟ್‌ನಲ್ಲಿ ಇಡುವಾಗ ಬಹಳ ಎಚ್ಚರ ಬೇಕು, ಸೆಟ್‌ನೊಳಗಿರುವಾಗ ಹೋಲಿಕೆಗೆ ಸಂಬಂಧಿಸಿದ್ದೇನಾದರೂ ಬದಲಾದರೆ ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳಲಾಗುವುದಿಲ್ಲ, ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಮೊದಲ ಕೆಲವೇ ಸಾಲುಗಳಲ್ಲಿ ಇದೆ. ನಾನು ಆ ಪುಟವನ್ನು ಹಿಂದೆಯೂ ತೆರೆದಿದ್ದೆ, ಬೇಕಾದ ವಿಧಾನದ ಹೆಸರಿಗೆ ನೇರವಾಗಿ ಇಳಿದುಬಿಟ್ಟಿದ್ದೆ.

ಇನ್ನೊಂದು ಮಾತು. ಮೊದಲ ಆವೃತ್ತಿಯಲ್ಲಿ ಚಾಲ್ತಿ ಸದಸ್ಯರನ್ನು ಸಾದಾ ಅರೇಲಿಸ್ಟ್‌ನಲ್ಲಿ ಇಟ್ಟಿದ್ದೆ. ಅದು ಇದ್ದಾರೆಯೇ ಅಂತ ಕೇಳಿದರೆ ಮೊದಲನೆಯವರಿಂದ ಒಬ್ಬೊಬ್ಬರನ್ನೇ ಹೋಲಿಸುತ್ತಾ ಹೋಗುತ್ತದೆ. ಲಕ್ಷಾಂತರ ಜನರಿದ್ದರೆ ನಿಧಾನ. ಸೆಟ್ ಬೇಗ ಅಂತ ಎಲ್ಲೋ ಓದಿ ಬದಲಾಯಿಸಿದೆ. 340 ಜನರನ್ನು ಒಬ್ಬೊಬ್ಬರಾಗಿ ನೋಡುವುದಕ್ಕೆ ಆ ಹಳೆಯ ಕಂಪ್ಯೂಟರಿಗೂ ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕಿಲ್ಲ. ಹಾಲು ಅಳೆದು ಫ್ಯಾಟ್ ನೋಡುವುದಕ್ಕೇ ಅರ್ಧ ನಿಮಿಷ ಹಿಡಿಯುವ ಕಡೆ ನಾನು ಯಾರಿಗಾಗಿ ಆ ವೇಗ ತಂದೆ? ಅರೇಲಿಸ್ಟ್ ಇದ್ದಿದ್ದರೆ ಹೆಸರು ತಿದ್ದಿದ ಮೇಲೂ ಅಜ್ಜಿ ಸಿಗುತ್ತಿದ್ದರು. ಹಾಗಂತ ಸೆಟ್ ಕೆಟ್ಟದ್ದು ಅನ್ನುತ್ತಿಲ್ಲ. ಅದು ನಮ್ಮಿಂದ ಒಂದು ಮಾತು ಕೇಳುತ್ತದೆ: ಇಟ್ಟ ಮೇಲೆ ಗುರುತು ಬದಲಾಯಿಸಬೇಡಿ ಅಂತ. ಆ ಮಾತು ಕೊಡದೆ ನಾನು ಅದನ್ನು ಬಳಸಿದ್ದೆ.

ಈಗ ಗುರುತು ಯಾವುದು ಅಂತ ತೀರ್ಮಾನ ಮಾಡಬೇಕಿತ್ತು. ನಂಬರ್ ಒಂದೇ ಸಾಕು ಅಂದುಕೊಂಡೆ. ಬೀಳ್ಕೊಡುವಾಗ ಸೆಕ್ರೆಟ್ರಿ ಒಂದು ಮಾತು ಹೇಳಿದ್ದರು, ‘ಹೆಸರೂ ನೋಡ್ಲಿ ಮೇಡಂ, ನಂಬರ್ ಒಂದೇ ಆದ್ರೆ ತಪ್ಪಾಗಲ್ವಾ?’ ಅಂತ. ಹೆಸರನ್ನು ನಂಬಬಹುದೇ ಅಂತ ನೋಡುವುದಕ್ಕೆ ಪಟ್ಟಿಯಲ್ಲಿ ಹೆಸರು ಹುಡುಕುವ ಚೌಕದಲ್ಲಿ ‘ಕೀ’ ಅಂತ ಹೊಡೆದೆ. ಆ ಅಕ್ಷರವಿರುವ ಮೂವರು ನನ್ನ ಕಣ್ಣಿಗೇ ಕಾಣುತ್ತಿದ್ದರು. ಒಬ್ಬರು ಮಾತ್ರ ಸಿಕ್ಕಿದರು.

ಇದು ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬ ಪ್ರೋಗ್ರಾಮರ್‌ಗೂ ಗೊತ್ತಿರಬೇಕಾದದ್ದು. ಅಕ್ಷರಗಳಿಗೆ ಕಂಪ್ಯೂಟರಿನ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೀ’ಯನ್ನು ಎರಡು ರೀತಿ ಬರೆಯಬಹುದು. ‘ಕ’ಕ್ಕೆ ‘ೀ’ ಅನ್ನುವ ಒಂದೇ ಚಿಹ್ನೆ ಸೇರಿಸಿದರೆ ಒಂದು. ‘ಕ’ಕ್ಕೆ ಗುಡಿಸು ‘ಿ’ ಹಾಕಿ, ಆಮೇಲೆ ದೀರ್ಘ ‘ೕ’ವನ್ನು ಬೇರೆಯಾಗಿ ಸೇರಿಸಿದರೆ ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಕಂಪ್ಯೂಟರಿಗೆ ಒಂದರಲ್ಲಿ ಎರಡು ಸಂಕೇತ, ಇನ್ನೊಂದರಲ್ಲಿ ಮೂರು. ‘ಕೇ’, ‘ಕೈ’, ‘ಕೊ’, ‘ಕೋ’ ಎಲ್ಲದಕ್ಕೂ ಇದೇ ಕತೆ, ‘ಕೋ’ವನ್ನಂತೂ ಮೂರು ಚಿಹ್ನೆಗಳಾಗಿ ಒಡೆಯಬಹುದು. ಸಂಘದ ಹಳೆಯ ಪಟ್ಟಿ ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿತ್ತು. ಅದನ್ನು ಪರಿವರ್ತಿಸುವ ಪ್ರೋಗ್ರಾಂ ನಾನೇ ಬರೆದಿದ್ದೆ, ಹಳೆಯ ಫಾಂಟಿನಲ್ಲಿ ದೀರ್ಘ ಬಿಡಿಯಾಗಿ ಇದ್ದದ್ದನ್ನು ಬಿಡಿಯಾಗಿಯೇ ಇಟ್ಟುಬಿಟ್ಟಿದ್ದೆ. ಹೊಸದಾಗಿ ಕೀಬೋರ್ಡಿನಲ್ಲಿ ಹೊಡೆದ ಹೆಸರುಗಳಲ್ಲಿ ಅದು ಒಂದೇ ಚಿಹ್ನೆ. ಇದಕ್ಕೆ ಜಾವಾದಲ್ಲಿ ನಾರ್ಮಲೈಸರ್ ಇದೆ, ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ಅವತ್ತು ರಾತ್ರಿಯೇ ಹೆಸರುಗಳನ್ನೆಲ್ಲ ಅದರಲ್ಲಿ ಹಾಯಿಸಿದೆ, ಹುಡುಕುವ ಪದವನ್ನೂ ಹಾಯಿಸುವಂತೆ ಮಾಡಿದೆ. ಮೂವರೂ ಸಿಕ್ಕಿದರು. ಆದರೂ ಇಷ್ಟು ಅಸ್ಥಿರವಾದ ಹೆಸರನ್ನು ಒಬ್ಬರ ಗುರುತಿಗೆ ಆಧಾರ ಮಾಡುವುದು ಬೇಡ ಅಂತ ಗಟ್ಟಿ ಮಾಡಿಕೊಂಡೆ.

ಉಳಿದದ್ದು ನಂಬರ್. ಅಲ್ಲೂ ಒಂದು ಪ್ರಶ್ನೆ ಕಾಡಿತು. 214 ಮೊದಲು ಅಜ್ಜಿಯ ಗಂಡನದಾಗಿತ್ತು. ಅವರು ತೀರಿಕೊಂಡ ಮೇಲೆ ಷೇರು ಹೆಂಡತಿಯ ಹೆಸರಿಗೆ ಬಂತು, ನಂಬರ್ ಹಾಗೇ ಉಳಿಯಿತು. ನನ್ನ ಹೊಸ ಲೆಕ್ಕದಲ್ಲಿ ಅವರಿಬ್ಬರೂ ಒಬ್ಬರೇ. ಅದು ಸರಿಯೇ? ಅವ್ವನನ್ನು ಕೇಳಿದೆ. ಅವಳು ಹಾಸಿಗೆಯಲ್ಲಿ ಮಗ್ಗುಲಾಗಿ ‘ಡೈರಿಗೆ ಬೇಕಾಗಿರೋದು ಆ ಮನೆ ಹಾಲು ಕಣಮ್ಮಿ’ ಅಂದಳು. ಸಂಘದ ಲೆಕ್ಕದಲ್ಲಿ ಸದಸ್ಯತ್ವ ಒಂದು ಷೇರು, ಒಂದು ಖಾತೆ. ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋದರೂ ಮುರಿಯುವುದಿಲ್ಲ. ಹಾಗಾಗಿ ನನ್ನ ಕ್ಲಾಸು ಹೇಳುತ್ತಿರುವುದು ಅಜ್ಜಿಯ ಬಗ್ಗೆ ಅಲ್ಲವೇ ಅಲ್ಲ, 214ನೇ ಸದಸ್ಯತ್ವದ ಬಗ್ಗೆ. ಎರಡು ವರ್ಷ ಆ ಕ್ಲಾಸಿಗೆ ‘ರೈತ’ ಅಂತ ಹೆಸರಿಟ್ಟುಕೊಂಡಿದ್ದೆ. ಅವತ್ತು ಅದನ್ನು ‘ಸದಸ್ಯತ್ವ’ ಅಂತ ಬದಲಾಯಿಸಿದೆ. ನಂಬರನ್ನು ಒಮ್ಮೆ ಕೊಟ್ಟ ಮೇಲೆ ತಿದ್ದಲಾಗದಂತೆ ಫೈನಲ್ ಮಾಡಿದೆ. ಈಕ್ವಲ್ಸ್, ಹ್ಯಾಶ್‌ಕೋಡ್ ಎರಡನ್ನೂ ಅಳಿಸಿ, ಈ ಸಲ ಕೈಯಾರೆ, ನಂಬರಿನ ಮೇಲೆ ಮಾತ್ರ ಬರೆದೆ. ಆಮೇಲೆ ಒಂದು ಪರೀಕ್ಷೆ ಬರೆದೆ: ಒಬ್ಬ ಸದಸ್ಯರನ್ನು ಸೇರಿಸು, ಹೆಸರು ‘ಒ’ಯಿಂದ ‘ಹೊ’ ಮಾಡು, ಫೋನ್ ಬದಲಾಯಿಸು, ಖಾತೆ ಬದಲಾಯಿಸು, ಈಗ ಇದ್ದಾರೆಯೇ ಅಂತ ಕೇಳು. ಹಳೆಯ ಕೋಡಿನ ಮೇಲೆ ಮೊದಲು ಓಡಿಸಿದೆ. ಕೆಂಪು. ಹೊಸದರ ಮೇಲೆ ಓಡಿಸಿದೆ. ಹಸಿರು. ಒಂದೂವರೆ ಗಂಟೆಯಾಗಿತ್ತು.

ಇಷ್ಟರ ಜೊತೆಗೆ ಇನ್ನೊಂದು ಬದಲಾವಣೆ ಮಾಡಿದೆ, ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಪ್ರೋಗ್ರಾಂ ಯಾರನ್ನಾದರೂ ಇಲ್ಲ ಅಂದರೆ ಹಾಲು ತಗೊಳ್ಳುವುದನ್ನು ನಿಲ್ಲಿಸುವುದಿಲ್ಲ. ಲೀಟರು, ಫ್ಯಾಟು ಬರೆದುಕೊಂಡು ‘ಸೆಕ್ರೆಟ್ರಿ ನೋಡಬೇಕು’ ಅಂತ ಒಂದು ಗುರುತು ಹಾಕುತ್ತದೆ. ಸದಸ್ಯರು ಹೌದೋ ಅಲ್ಲವೋ ಅನ್ನುವುದನ್ನು ಮಧ್ಯಾಹ್ನ ಕೂತು ತೀರ್ಮಾನಿಸಬಹುದು. ಹಾಲು ಮೊದಲು ಒಳಗೆ ಬರಲಿ.

ಬೆಳಗ್ಗೆ ಐದೂ ಮುಕ್ಕಾಲಿಗೆ ಡೈರಿಯಲ್ಲಿದ್ದೆ. ಹೊಸ ಪ್ರೋಗ್ರಾಂ ಹಾಕಿ, ಅದು ಓಡುತ್ತಿರುವಾಗಲೇ ಸೆಕ್ರೆಟ್ರಿಯ ಕೈಯಲ್ಲಿ ಇಬ್ಬರ ಫೋನ್ ನಂಬರ್ ತಿದ್ದಿಸಿದೆ. ಇಬ್ಬರೂ ಇದ್ದರು. ಪಾಸ್‌ಬುಕ್ಕುಗಳನ್ನೂ ಅವರು ಅಕ್ಷರದ ಗೂಡಿನಿಂದ ತೆಗೆದು ನಂಬರಿನ ಕ್ರಮಕ್ಕೆ ಜೋಡಿಸತೊಡಗಿದ್ದರು. ನಾನು ಹೇಳಿರಲಿಲ್ಲ.

ಆರೂ ಐದಕ್ಕೆ ಅಜ್ಜಿ ಬಂದರು. ಮೊದಲ ದಿನದ ಹಾಗೆ ಲೈನಿನ ಮುಂದೆ ನಿಲ್ಲಲಿಲ್ಲ, ನಾಲ್ಕು ಜನದ ಹಿಂದೆ ನಿಂತರು. ಅವರ ಸರದಿ ಬಂದಾಗ ಹುಡುಗ ಪಾತ್ರೆ ಇಸಿದುಕೊಂಡು ಹಾಲು ಸುರಿದ, 214 ಒತ್ತಿದ. ಹಸಿರು ಬಂತು. 3.4 ಲೀಟರು, ಫ್ಯಾಟ್ 4.0. ಪ್ರಿಂಟರ್ ಚೀಟಿ ಕಕ್ಕಿತು. ಅಜ್ಜಿ ಅದನ್ನು ತಗೊಂಡವರೇ ನನ್ನ ಕೈಗೆ ಕೊಟ್ಟರು.

‘ಓದು.’

ಓದಿದೆ. ನಂಬರು, ಹೆಸರು, ಲೀಟರು.

‘ಎಸ್ರು ಇನ್ನೊಂದ್ಸತಿ.’

ಮತ್ತೆ ಓದಿದೆ, ಹಕಾರ ಬಿಟ್ಟು, ಅವರು ಹೇಳಿಕೊಳ್ಳುವ ಹಾಗೆ. ತಲೆಯಾಡಿಸಿದರು. ಚೀಟಿ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ‘ನೆನ್ನೆದು?’ ಅಂದರು.

ನಿನ್ನೆಯ ಹಾಲು ಸಂಘಕ್ಕೆ ಬಂದಿರಲಿಲ್ಲ, ಹಾಗಾಗಿ ಅದರ ದುಡ್ಡು ಲೆಕ್ಕದಲ್ಲಿ ಹಾಕುವುದಕ್ಕೆ ಬರುವುದಿಲ್ಲ, ನಾನು ಕೊಡುತ್ತೇನೆ ಅಂದೆ. ಅಜ್ಜಿ ಬೇಡ ಅಂದರು. ‘ಆಲಿಂದು ಕೇಳ್ಲಿಲ್ಲ ಕಣವ್ವ. ನೆನ್ನೆ ದಿನ ನನ್ನೆಸ್ರಿನ್ ಮುಂದೆ ಏನ್ ಬರ್ದವ್ರೆ ಅಂದೆ.’

ದಿನವಹಿ ತೆರೆದು ನೋಡಿದೆ. ನಿನ್ನೆ ಬೆಳಗ್ಗೆಯ ಸಾಲಿನಲ್ಲಿ 214ರ ಮುಂದೆ ಸೊನ್ನೆ ಇತ್ತು. ಹಾಲು ಹಾಕದವರಿಗೆ ಬೀಳುವ ಅದೇ ಸೊನ್ನೆ. ಸೆಕ್ರೆಟ್ರಿಯ ಮುಖ ನೋಡಿದೆ. ಅವರು ಷರಾ ಬರೆಯುವ ಜಾಗ ತೋರಿಸಿದರು. ‘ಹಾಲು ತಂದಿದ್ದರು. ನಮ್ಮ ತಪ್ಪಿನಿಂದ ತೆಗೆದುಕೊಂಡಿಲ್ಲ’ ಅಂತ ಹೊಡೆದು, ಅಜ್ಜಿಗೆ ಓದಿ ಹೇಳಿದೆ. ಅವರು ಖಾಲಿ ಪಾತ್ರೆ ಸೊಂಟಕ್ಕಿಟ್ಟುಕೊಂಡು ಮೆಟ್ಟಿಲಿಳಿದರು. ಹಿಂದಿದ್ದವರು ಕ್ಯಾನ್ ಮುಂದಕ್ಕೆ ತಳ್ಳಿದರು, ಹುಡುಗ ಅವರ ನಂಬರ್ ಒತ್ತಿದ.